ಗ್ರೀನಿಚ್ ವಿಲೇಜ್: 52 ಗಂಟೆಯ ಬಾಡಿಗೆ 279 ಗಂಟೆಯಾದ ಲೆಕ್ಕ

1960ರ ದಶಕದ ಶುರುವಿನಲ್ಲಿ ಗಾಯಕ ಬಾಬ್ ಡಿಲನ್ ಇನ್ನೂ ಹೆಸರು ಮಾಡಿರದ ಹುಡುಗ. ನ್ಯೂಯಾರ್ಕಿನ ಗ್ರೀನಿಚ್ ವಿಲೇಜಿನ ವೆಸ್ಟ್ ಫೋರ್ತ್ ಬೀದಿಯಲ್ಲಿ, 161ನೇ ನಂಬರಿನ ಕಟ್ಟಡದ ಮೇಲಂತಸ್ತಿನಲ್ಲಿ ಅವನು ಹಿಡಿದ ಸಣ್ಣ ಮನೆಗೆ ತಿಂಗಳಿಗೆ 60 ಡಾಲರ್ ಬಾಡಿಗೆ. ಅಮೆರಿಕದಲ್ಲಿ ಆಗ ಕಾನೂನು ಹೇಳಿದ ಕನಿಷ್ಠ ಕೂಲಿ ಗಂಟೆಗೆ 1 ಡಾಲರ್ 15 ಸೆಂಟ್. ಭಾಗಿಸಿದರೆ 52 ಗಂಟೆ. ಆ ಕನಿಷ್ಠ ಕೂಲಿಗೆ ದುಡಿಯುವವನೂ ವಾರಕ್ಕೆ 40 ಗಂಟೆಯಂತೆ ಒಂದೂವರೆ ವಾರದೊಳಗೆ ಬಾಡಿಗೆ ದುಡಿದು ಮುಗಿಸುತ್ತಿದ್ದ. ಮಿಕ್ಕ ಎರಡೂವರೆ ವಾರದ ದುಡಿಮೆ ಊಟಕ್ಕೆ, ಬಟ್ಟೆಗೆ, ಗಿಟಾರಿನ ತಂತಿಗೆ ಉಳಿಯುತ್ತಿತ್ತು.

2025ರ ಬೇಸಿಗೆಯಲ್ಲಿ ಮ್ಯಾನ್‌ಹಟನ್ನಿನ ನಡುಮಟ್ಟದ ಬಾಡಿಗೆ, ಅಂದರೆ ಅರ್ಧ ಮನೆಗಳು ಅದಕ್ಕಿಂತ ಕಡಿಮೆ, ಇನ್ನರ್ಧ ಅದಕ್ಕಿಂತ ಹೆಚ್ಚು ಇರುವ ಮೊತ್ತ, 4,600 ಡಾಲರ್ ದಾಟಿತ್ತು. ಡಾಲರಿಗೆ 85 ರೂಪಾಯಿ ಹಿಡಿದರೆ ತಿಂಗಳಿಗೆ 3 ಲಕ್ಷ 91 ಸಾವಿರ ರೂಪಾಯಿ. ನಗರದ ಕನಿಷ್ಠ ಕೂಲಿ ಆ ವರ್ಷ ಗಂಟೆಗೆ ಹದಿನಾರೂವರೆ ಡಾಲರ್. ಈಗ ಭಾಗಿಸಿದರೆ 279 ಗಂಟೆ. ವಾರಕ್ಕೆ 40 ಗಂಟೆ ದುಡಿದರೂ ತಿಂಗಳಿಗೆ ಕೈಗೆ ಸಿಗುವುದು 173 ಗಂಟೆ ಮಾತ್ರ.

ಡಿಲನ್ ಇದ್ದದ್ದು ಲಿಫ್ಟಿಲ್ಲದ ಕಟ್ಟಡದ ಹಳೆಯ ಮನೆಯಲ್ಲಿ, ಅದನ್ನು ಇಡೀ ಮ್ಯಾನ್‌ಹಟನ್ನಿನ ನಡುಮಟ್ಟಕ್ಕೆ ಹೋಲಿಸುವುದು ಸರಿಯೇ ಎಂದು ಓದುಗರು ಕೇಳಬಹುದು. ಸರಿ, ಅರ್ಧ ಬಾಡಿಗೆಯ ಮನೆಯೇ ಸಿಕ್ಕಿತು ಎಂದುಕೊಳ್ಳೋಣ. ಆಗಲೂ 139 ಗಂಟೆ, ಮೂರೂವರೆ ವಾರದ ದುಡಿಮೆ. ಬೇರೆ ಬೆಲೆಗಳು ಎಷ್ಟು ಏರಿವೆ ಎಂಬುದನ್ನು ಪಕ್ಕದಲ್ಲಿಟ್ಟರೆ ಚಿತ್ರ ಇನ್ನೂ ನಿಚ್ಚಳ. 1962ರಿಂದ 2025ರವರೆಗೆ ಅಮೆರಿಕದ ಸಾಮಾನ್ಯ ಬೆಲೆಮಟ್ಟ ಏರಿದ್ದು ಸುಮಾರು ಹತ್ತೂವರೆ ಪಟ್ಟು. ಕನಿಷ್ಠ ಕೂಲಿ 14 ಪಟ್ಟು. ಸಬ್‌ವೇ ಟಿಕೆಟ್ 15 ಸೆಂಟಿನಿಂದ 2 ಡಾಲರ್ 90 ಸೆಂಟಿಗೆ, ಅಂದರೆ 19 ಪಟ್ಟು. 60 ಡಾಲರಿನಿಂದ 4,600ಕ್ಕೆ ಹೋದ ಬಾಡಿಗೆ ಮಾತ್ರ ಸುಮಾರು 77 ಪಟ್ಟು.

ಕವಿಗಳು, ಚಿತ್ರಕಾರರು, ನಾಟಕದವರು, ಲೋಕ ಏನೆಂದುಕೊಳ್ಳುತ್ತದೋ ಎಂಬ ಗೊಡವೆಯಿಲ್ಲದೆ ಬದುಕಿದವರು ನೂರು ವರ್ಷಕ್ಕೂ ಮಿಗಿಲಾಗಿ ಈ ಬಡಾವಣೆಯಲ್ಲಿ ನೆಲೆಸಿದರು. ಮಹಾನಗರದ ನಡುವೆ ಹಳ್ಳಿಯಂತಿದ್ದ ಈ ಜಾಗಕ್ಕೆ ಅವರನ್ನು ಕರೆತಂದದ್ದು ಇಲ್ಲಿನ ಗಾಳಿಯಲ್ಲಿದ್ದ ಯಾವುದೋ ಮಾಯೆ ಎಂದು ಬರೆಯುವವರಿದ್ದಾರೆ. ಅಂಕಿಗಳು ಹೇಳುವುದು ಬೇರೆ. ಅವರನ್ನು ಕರೆತಂದದ್ದು ಅಗ್ಗದ ಬಾಡಿಗೆ.

ಅಗ್ಗವಾದದ್ದು ಹೇಗೆ? 1811ರಲ್ಲಿ ನ್ಯೂಯಾರ್ಕಿನ ಆಡಳಿತ ಮ್ಯಾನ್‌ಹಟನ್ ದ್ವೀಪದ ಮೇಲೆ ಚೌಕುಳಿ ನಕ್ಷೆ ಎಳೆಯಿತು. ಉದ್ದಕ್ಕೆ 100 ಅಡಿ ಅಗಲದ ಅವೆನ್ಯೂಗಳು, ಅಡ್ಡಕ್ಕೆ ಸಾಮಾನ್ಯವಾಗಿ 60 ಅಡಿಯಂತೆ 155 ಬೀದಿಗಳು. ಆ ಹೊತ್ತಿಗಾಗಲೇ ಹಡ್ಸನ್ ನದಿಯ ದಂಡೆಯಲ್ಲಿ ಗ್ರೀನಿಚ್ ಎಂಬ ಹಳ್ಳಿ ತನ್ನದೇ ಓಣಿಗಳೊಂದಿಗೆ ಬೆಳೆದಿತ್ತು. ನಕ್ಷೆ ಅದನ್ನು ಬಿಟ್ಟು ಮುಂದೆ ಹೋಯಿತು. ಹಾಗಾಗಿ ಇವತ್ತಿಗೂ ಇಲ್ಲಿ ನಾಲ್ಕನೇ ಬೀದಿ ಓರೆಯಾಗಿ ಸಾಗಿ ಹತ್ತು, ಹನ್ನೊಂದು, ಹನ್ನೆರಡನೇ ಬೀದಿಗಳನ್ನು ಕತ್ತರಿಸುತ್ತದೆ. ವೇವರ್ಲಿ ಪ್ಲೇಸ್ ಎಂಬ ಬೀದಿಯಂತೂ ಒಂದು ಕಡೆ ತನ್ನನ್ನೇ ತಾನು ಸಂಧಿಸುತ್ತದೆ. 1822ರಲ್ಲಿ ದಕ್ಷಿಣದ ಪೇಟೆಗೆ ಹಳದಿ ಜ್ವರ ಬಡಿದಾಗ ಬ್ಯಾಂಕುಗಳು ಇಲ್ಲಿಗೆ ಓಡಿಬಂದವು. ಬ್ಯಾಂಕ್ ಸ್ಟ್ರೀಟ್ ಎಂಬ ಹೆಸರು ಬಂದದ್ದು ಹೀಗೆ ಜ್ವರಕ್ಕೆ ಅಂಜಿ ಬಂದ ಬ್ಯಾಂಕಿನಿಂದ. 1825ರಿಂದ 1840ರ ನಡುವೆ ಜನಸಂಖ್ಯೆ ನಾಲ್ಕು ಪಟ್ಟಾಯಿತು.

ಶತಮಾನ ಕಳೆಯುವ ಹೊತ್ತಿಗೆ ಹಣವಂತರು ಉತ್ತರದ ಹೊಸ ಬಡಾವಣೆಗಳಿಗೆ ಹೊರಟುಹೋದರು. ಒಂದೊಂದು ಕುಟುಂಬಕ್ಕೆಂದು ಕಟ್ಟಿದ್ದ ಮೂರ್ನಾಲ್ಕು ಮಹಡಿಯ ಇಟ್ಟಿಗೆ ಮನೆಗಳು ಕೋಣೆಕೋಣೆಯಾಗಿ ಬಾಡಿಗೆಗೆ ಬಿದ್ದವು. ಇಟಲಿಯಿಂದ ವಲಸೆ ಬಂದವರಿಗಾಗಿ ವಠಾರಗಳು ಎದ್ದವು. ಈ ವಠಾರದ ಲೆಕ್ಕವನ್ನು ತುಸು ಹತ್ತಿರದಿಂದ ನೋಡಬೇಕು. ನ್ಯೂಯಾರ್ಕಿನ ಮಾಮೂಲಿ ನಿವೇಶನ 25 ಅಡಿ ಅಗಲ, 100 ಅಡಿ ಉದ್ದ. 2,500 ಚದರಡಿ, ನಮ್ಮ ಬೆಂಗಳೂರಿನ ಎರಡು ಮೂವತ್ತು-ನಲವತ್ತು ಸೈಟಿಗೆ ನೂರು ಅಡಿ ಸೇರಿಸಿದಷ್ಟು ಜಾಗ. ಅದರ ಮೇಲೆ ಐದಾರು ಮಹಡಿ, ಮಹಡಿಗೆ ನಾಲ್ಕು ಮನೆ. ಹೀಗೆ 20ರಿಂದ 24 ಕುಟುಂಬ. ಎರಡು ಮನೆಗೆ ಒಂದರಂತೆ ಮೆಟ್ಟಿಲ ಬಳಿ ಕಕ್ಕಸು. ಸ್ನಾನದ ತೊಟ್ಟಿ ಬಹುಮಟ್ಟಿಗೆ ಅಡುಗೆಮನೆಯಲ್ಲೇ, ಏಕೆಂದರೆ ನೀರಿನ ಕೊಳಾಯಿ ಇದ್ದದ್ದು ಅಲ್ಲೊಂದೇ ಕಡೆ. ಸ್ನಾನ ಮುಗಿದ ಮೇಲೆ ತೊಟ್ಟಿಯ ಮೇಲೆ ಹಲಗೆ ಮುಚ್ಚಿದರೆ ಅದೇ ಊಟದ ಮೇಜು, ಅದೇ ತರಕಾರಿ ಹೆಚ್ಚುವ ಕಟ್ಟೆ. ಬರೆಯುವವರಿಗೆ ಅದೇ ಬರೆಯುವ ಮೇಜೂ ಹೌದು. ಇಂಥ ಮನೆಗಳನ್ನು ಹಣವಿದ್ದವರು ಯಾರೂ ಕೇಳುತ್ತಿರಲಿಲ್ಲ. ಕಲೆ ಬಂದು ಕೂತದ್ದು ಆ ಖಾಲಿ ಜಾಗದಲ್ಲಿ.

ಬಂದವರು ಏನು ಮಾಡಿದರು ಎಂಬುದಕ್ಕೂ ಅಂಕಿಗಳಿವೆ. 1917ರ ಜನವರಿಯ ಒಂದು ರಾತ್ರಿ ಚಿತ್ರಕಾರರಾದ ಮಾರ್ಸೆಲ್ ದುಷಾಂ, ಜಾನ್ ಸ್ಲೋನ್ ಸೇರಿದಂತೆ ಆರು ಮಂದಿ ವಾಷಿಂಗ್ಟನ್ ಸ್ಕ್ವೇರಿನ ಕಮಾನಿನ ನೆತ್ತಿಗೆ ಹತ್ತಿ ಆ ಚೌಕವನ್ನು ಸ್ವತಂತ್ರ ಗಣರಾಜ್ಯವೆಂದು ಘೋಷಿಸಿದರು. ಆ ಚೌಕದ ವಿಸ್ತೀರ್ಣ ಒಂಬತ್ತೂಮುಕ್ಕಾಲು ಎಕರೆ. ಒಂದು ಕಾಲಕ್ಕೆ ಅದು ಬಡವರನ್ನು ಹೂಳುವ ನೆಲವಾಗಿತ್ತು. ಸುಮಾರು 20,000 ಜನರನ್ನು ಅಲ್ಲಿ ಹೂಳಲಾಗಿದೆ ಎಂದು ಅಂದಾಜು. 1955ರಲ್ಲಿ ಮೂವರು ಗೆಳೆಯರು, ಅವರಲ್ಲೊಬ್ಬರು ಕಾದಂಬರಿಕಾರ ನಾರ್ಮನ್ ಮೇಲರ್, 10,000 ಡಾಲರ್ ಬಂಡವಾಳದಲ್ಲಿ ಒಂದು ವಾಸದ ಮನೆಯನ್ನೇ ಕಚೇರಿ ಮಾಡಿಕೊಂಡು 'ವಿಲೇಜ್ ವಾಯ್ಸ್' ವಾರಪತ್ರಿಕೆ ಶುರು ಮಾಡಿದರು. ಬೆಲೆ 5 ಸೆಂಟ್. ಆ 10,000 ಇವತ್ತಿನ ಲೆಕ್ಕದಲ್ಲಿ ಸುಮಾರು 1 ಲಕ್ಷ 20 ಸಾವಿರ ಡಾಲರ್. ಇವತ್ತು ಅಷ್ಟೇ ಹಣ ಹಾಕಿ ನಡುಮಟ್ಟದ ಒಂದು ಮನೆ ಹಿಡಿದರೆ ಮೊದಲ ವರ್ಷದ ಬಾಡಿಗೆಗೇ 55,200 ಹೋಗುತ್ತದೆ. ಕಾಗದ, ಅಚ್ಚು, ಸಂಬಳ ಆಮೇಲಿನ ಮಾತು. ಕಾಫಿ ಅಂಗಡಿಗಳಲ್ಲಿ ಹಾಡುವವರಿಗೆ ಸಂಬಳವೇ ಇರಲಿಲ್ಲ. ಹಾಡಾದ ಮೇಲೆ ಬುಟ್ಟಿ ಹಿಡಿದು ಸುತ್ತಿದರೆ ಬಿದ್ದಷ್ಟೇ ಅವರ ಗಳಿಕೆ. ಬುಟ್ಟಿಯ ಚಿಲ್ಲರೆಯಲ್ಲಿ 60 ಡಾಲರ್ ಬಾಡಿಗೆ ಹುಟ್ಟುತ್ತಿತ್ತು. 4,600 ಹುಟ್ಟುವುದಿಲ್ಲ.

ಬೆಡ್‌ಫರ್ಡ್ ಬೀದಿಯ ಎಪ್ಪತ್ತೈದೂವರೆ ನಂಬರಿನ ಮನೆ ಈ ಕಥೆಯನ್ನು ಒಂದೇ ಕಟ್ಟಡದಲ್ಲಿ ಹೇಳುತ್ತದೆ. ಎರಡು ಮನೆಗಳ ನಡುವೆ ಕುದುರೆಗಾಡಿ ಹೋಗಲು ಬಿಟ್ಟಿದ್ದ ಸಂದಿನಲ್ಲಿ 1873ರಲ್ಲಿ ಕಟ್ಟಿದ ಮನೆಯಾದ್ದರಿಂದ ನಂಬರಿನಲ್ಲೂ ಅರ್ಧ. ಹೊರಗಿನ ಅಗಲ ಒಂಬತ್ತೂವರೆ ಅಡಿ. ಒಳಗೆ ಅತಿ ಹೆಚ್ಚೆಂದರೆ 8 ಅಡಿ 7 ಅಂಗುಲ. ಆರೂಕಾಲು ಅಡಿಯ ಮಂಚವನ್ನು ಅಡ್ಡಲಾಗಿ ಹಾಕಿದರೆ ಓಡಾಡಲು ಎರಡೂಕಾಲು ಅಡಿ ಉಳಿಯುತ್ತದೆ. 1923ರಲ್ಲಿ ಕವಿತೆಗೆ ಪುಲಿಟ್ಜರ್ ಪ್ರಶಸ್ತಿ ಪಡೆದ ಎಡ್ನಾ ಸೇಂಟ್ ವಿನ್ಸೆಂಟ್ ಮಿಲೇ ಆ ವರ್ಷವೂ ಮರುವರ್ಷವೂ ಇದ್ದದ್ದು ಈ ಮನೆಯಲ್ಲಿ. ಎಲ್ಲ ಮಹಡಿ ಸೇರಿ ಸುಮಾರು 1,000 ಚದರಡಿ. 2000ದಲ್ಲಿ ಇದು 16 ಲಕ್ಷ ಡಾಲರಿಗೆ ಮಾರಾಟವಾಯಿತು, 2013ರಲ್ಲಿ ಮೂವತ್ತೆರಡೂವರೆ ಲಕ್ಷಕ್ಕೆ. ಚದರಡಿಗೆ ಸುಮಾರು 3,250 ಡಾಲರ್. ಆ ಹದಿಮೂರು ವರ್ಷಗಳಲ್ಲಿ ಸಾಮಾನ್ಯ ಬೆಲೆಗಳು ಏರಿದ್ದು ನೂರಕ್ಕೆ 35, ಈ ಮನೆಯ ಬೆಲೆ ಏರಿದ್ದು ನೂರಕ್ಕೆ 103. ಮಿಲೇ ಮತ್ತು ಗೆಳೆಯರು ಪಕ್ಕದ ಕಾಮರ್ಸ್ ಬೀದಿಯ ಹಳೆಯ ಕಟ್ಟಡವೊಂದರಲ್ಲಿ ಹುಟ್ಟುಹಾಕಿದ ಚೆರಿ ಲೇನ್ ರಂಗಮಂದಿರವನ್ನು 2023ರಲ್ಲಿ ಎ24 ಎಂಬ ಚಿತ್ರ ಸಂಸ್ಥೆ ಸುಮಾರು 1 ಕೋಟಿ ಡಾಲರಿಗೆ ಕೊಂಡಿತು.

ಹಡ್ಸನ್ ಬೀದಿಯ 555ನೇ ನಂಬರಿನ ಮನೆಯದು ಇನ್ನೂ ದೊಡ್ಡ ಜಿಗಿತ. 1947ರಲ್ಲಿ ಬರಹಗಾರ್ತಿ ಜೇನ್ ಜೇಕಬ್ಸ್ ಮತ್ತು ಅವರ ಪತಿ ಅದನ್ನು ಕೊಂಡದ್ದು 7,000 ಡಾಲರಿಗೆ. 2009ರಲ್ಲಿ ಅದು 30 ಲಕ್ಷಕ್ಕೂ ಹೆಚ್ಚು ಬಾಳುತ್ತಿತ್ತು. ಅಷ್ಟು ಕಾಲದಲ್ಲಿ ಬೆಲೆಮಟ್ಟ ಹತ್ತು ಪಟ್ಟಿಗೂ ತುಸು ಕಡಿಮೆಯೇ ಏರಿತ್ತು, ಆ ಲೆಕ್ಕಕ್ಕೆ 7,000ದ ಮನೆ 67,000 ಆಗಬೇಕಿತ್ತು. ಆದದ್ದು ನಾನೂರು ಪಟ್ಟಿಗೂ ಮಿಗಿಲು.

ಜೇಕಬ್ಸ್ ಬರೀ ಮನೆ ಕೊಂಡವರಲ್ಲ. ವಾಷಿಂಗ್ಟನ್ ಸ್ಕ್ವೇರಿನ ನಡುವೆ ರಸ್ತೆ ಹಾಯಿಸಲು ಹೊರಟ ನಗರದ ಪ್ರಬಲ ಅಧಿಕಾರಿ ರಾಬರ್ಟ್ ಮೋಸಸ್ ಅವರ ಯೋಜನೆಯನ್ನು ತಡೆದವರಲ್ಲಿ ಅವರೂ ಒಬ್ಬರು. 1958ರಲ್ಲಿ ಚೌಕಕ್ಕೆ ಕಾರುಗಳು ಬರುವುದೇ ನಿಂತಿತು. 1961ರಲ್ಲಿ ನಗರಾಡಳಿತ ವೆಸ್ಟ್ ವಿಲೇಜಿನ 14 ಬ್ಲಾಕುಗಳನ್ನು ಶಿಥಿಲ ಪ್ರದೇಶವೆಂದು ಹೆಸರಿಟ್ಟು ಕೆಡವಲು ನೋಡಿದಾಗ ಜನರನ್ನು ಕೂಡಿಸಿ ಅದನ್ನೂ ನಿಲ್ಲಿಸಿದರು. ಅವರ 'ದಿ ಡೆತ್ ಅಂಡ್ ಲೈಫ್ ಆಫ್ ಗ್ರೇಟ್ ಅಮೆರಿಕನ್ ಸಿಟೀಸ್' ಹೊರಬಂದದ್ದೂ ಅದೇ ವರ್ಷ. ಅಂಗಡಿಯವನು, ಶಾಲೆಗೆ ಹೊರಟ ಮಗು, ಕಿಟಕಿಯಿಂದ ಬೀದಿ ನೋಡುವ ಅಜ್ಜಿ ಇವರೆಲ್ಲ ಸೇರಿಯೇ ಬೀದಿಯನ್ನು ಕಾಯುತ್ತಾರೆ ಎಂದು ಅವರು ತೋರಿಸಿಕೊಟ್ಟದ್ದು ತಮ್ಮ ಮನೆಯೆದುರಿನ ಫುಟ್‌ಪಾತಿನಿಂದಲೇ. ಆ ಗೆಲುವು ಇಲ್ಲದಿದ್ದರೆ ಇವತ್ತು ಲೆಕ್ಕ ಹಾಕಲು ವಿಲೇಜೇ ಇರುತ್ತಿರಲಿಲ್ಲ.

ಮುಂದಿನ ಅಧ್ಯಾಯದ ಇಸವಿ 1969. ಆ ವರ್ಷ ಏಪ್ರಿಲ್ 29ರಂದು 2,000ಕ್ಕೂ ಹೆಚ್ಚು ಕಟ್ಟಡಗಳಿರುವ ಪ್ರದೇಶವನ್ನು ಗ್ರೀನಿಚ್ ವಿಲೇಜ್ ಪಾರಂಪರಿಕ ವಲಯವೆಂದು ನಗರ ಘೋಷಿಸಿತು. ಜೂನ್ 28ರ ನಸುಕಿನಲ್ಲಿ ಕ್ರಿಸ್ಟೋಫರ್ ಬೀದಿಯ ಸ್ಟೋನ್‌ವಾಲ್ ಬಾರಿಗೆ ಪೊಲೀಸರು ನುಗ್ಗಿದಾಗ ಸಲಿಂಗಿಗಳು ತಿರುಗಿಬಿದ್ದರು. ಅದೇ ವರ್ಷ ಬಾಡಿಗೆ ಏರಿಕೆಗೆ ಮಿತಿ ಹಾಕುವ ನ್ಯೂಯಾರ್ಕಿನ ಬಾಡಿಗೆ ಸ್ಥಿರೀಕರಣ ಕಾಯ್ದೆಯೂ ಬಂತು. ಮೊದಲನೆಯದು ಇಟ್ಟಿಗೆಯನ್ನು ಕಾಯಿತು. ಎರಡನೆಯದು ಜನರ ಘನತೆಗಾಗಿ ನಡೆದ ಹೋರಾಟ. ಮೂರನೆಯದು ಬಾಡಿಗೆದಾರರನ್ನು ಕಾಯಬೇಕಿತ್ತು.

ಇಟ್ಟಿಗೆ ಚೆನ್ನಾಗಿ ಉಳಿಯಿತು. ಪಾರಂಪರಿಕ ವಲಯದಲ್ಲಿ ಅನುಮತಿಯಿಲ್ಲದೆ ಕಿಟಕಿ ಬದಲಾಯಿಸುವಂತಿಲ್ಲ, ಕೆಡವಿ ಗೋಪುರ ಎಬ್ಬಿಸುವಂತಿಲ್ಲ. ಮನೆಗಳ ಸಂಖ್ಯೆ ಏರುವ ದಾರಿ ಹೆಚ್ಚುಕಡಿಮೆ ಮುಚ್ಚಿತು, ಕೇಳುವವರ ಸಂಖ್ಯೆ ಏರುತ್ತಲೇ ಹೋಯಿತು. ಬಾಗಿದ ಬೀದಿ, ಗಿಡ್ಡ ಮನೆ, ಮರದ ನೆರಳು ಇವೆಲ್ಲ ಯಾರಿಗೂ ಬೇಡವಾಗಿದ್ದಾಗ ಬಡವರ ಪಾಲಾಗಿದ್ದವು. ಈಗ ಅವಕ್ಕೇ ಬೆಲೆ ಕಟ್ಟಲಾಯಿತು. ಕಟ್ಟಡ ಉಳಿಸಿದ್ದು ತಪ್ಪೆಂದು ನಾನು ಹೇಳಲಾರೆ. ಅದರ ಜೊತೆಗೆ ಮನೆಯೊಳಗಿನವರನ್ನೂ ಅಷ್ಟೇ ಬಿಗಿಯಾಗಿ ಕಾಯಬೇಕಿತ್ತು.

ಬಾಡಿಗೆ ಕಾಯ್ದೆಯಲ್ಲಿ ಮೊದಲ ಬಿರುಕು ಅದರ ಅಳತೆಯಲ್ಲೇ ಇದೆ. ಸಾಮಾನ್ಯವಾಗಿ ಅದು ಅನ್ವಯಿಸುವುದು 1974ಕ್ಕೆ ಮೊದಲು ಕಟ್ಟಿದ, ಆರು ಅಥವಾ ಹೆಚ್ಚು ಮನೆಗಳಿರುವ ಕಟ್ಟಡಗಳಿಗೆ. ಐದಾರು ಮಹಡಿಯ ವಠಾರಗಳು ಒಳಗೆ ಬಂದವು. ಆದರೆ ವಿಲೇಜಿನ ಚೆಲುವಿಗೆ ಕಾರಣವಾದ ಮೂರು ಮಹಡಿಯ ಸಾಲುಮನೆಗಳಲ್ಲಿ ಇರುತ್ತಿದ್ದದ್ದು ಮೂರೋ ನಾಲ್ಕೋ ಬಾಡಿಗೆ ಮನೆ. ಅವು ಹೊರಗೇ ಉಳಿದವು. ಮಾಲೀಕರು ಒಂದೊಂದಾಗಿ ಬಾಡಿಗೆದಾರರನ್ನು ಕಳಿಸಿ, ಗೋಡೆ ಒಡೆದು, ಮತ್ತೆ ಒಂದೇ ಕುಟುಂಬದ ಬಂಗಲೆ ಮಾಡಿಕೊಂಡರು. ಹೊರಗಿನಿಂದ ಇಟ್ಟಿಗೆ ಒಂದೂ ಕದಲಿಲ್ಲ. ಒಳಗೆ ನಾಲ್ಕು ಸಂಸಾರದ ಜಾಗದಲ್ಲಿ ಒಂದು ಸಂಸಾರ.

ಎರಡನೆಯ ಬಿರುಕನ್ನು ಶಾಸನವೇ ಮಾಡಿತು. 1993ರಲ್ಲಿ ಬಂದ ತಿದ್ದುಪಡಿಯ ಪ್ರಕಾರ, ಮನೆ ಖಾಲಿಯಾದಾಗ ಅದರ ಬಾಡಿಗೆ 2,000 ಡಾಲರ್ ಮುಟ್ಟಿದ್ದರೆ ಆ ಮನೆ ಕಾಯ್ದೆಯ ಹಿಡಿತದಿಂದ ಶಾಶ್ವತವಾಗಿ ಹೊರಗೆ. 1997ರಲ್ಲಿ ಇನ್ನೊಂದು ತಿದ್ದುಪಡಿ: ಬಾಡಿಗೆದಾರ ಬದಲಾದಾಗಲೆಲ್ಲ ಬಾಡಿಗೆಯನ್ನು ನೂರಕ್ಕೆ 20ರಷ್ಟು ಏರಿಸಬಹುದು. ಎರಡನ್ನೂ ಕೂಡಿಸಿ ನೋಡಿ. 1,000 ಡಾಲರಿನ ಮನೆ. ಒಬ್ಬರು ಬಿಟ್ಟರೆ 1,200. ಇನ್ನೊಬ್ಬರು ಬಿಟ್ಟರೆ 1,440. ಮೂರನೆಯವರು ಬಿಟ್ಟರೆ 1,728. ನಾಲ್ಕನೆಯವರು ಹೊರಟಾಗ 2,074, ಅಲ್ಲಿಗೆ ಮನೆ ಮುಕ್ತ ಮಾರುಕಟ್ಟೆಗೆ. ಅದೇ ಮನೆಯಲ್ಲಿ ಒಬ್ಬರೇ ಉಳಿದು ವರ್ಷಕ್ಕೆ ನೂರಕ್ಕೆ 3ರಂತೆ ಏರಿಕೆ ಕೊಟ್ಟಿದ್ದರೆ ಇಪ್ಪತ್ತು ವರ್ಷವಾದ ಮೇಲೂ ಬಾಡಿಗೆ 1,806. ಹೀಗಿರುವಾಗ ಹಳೆಯ ಬಾಡಿಗೆದಾರ ಬೇಗ ಹೊರಡಲಿ ಎಂದು ಮಾಲೀಕರು ಬಯಸದಿದ್ದರೆ ಅದೇ ಆಶ್ಚರ್ಯ. ನೀರು ನಿಲ್ಲಿಸುವುದು, ರಿಪೇರಿ ಮಾಡದಿರುವುದು, ಹಣ ಕೊಟ್ಟು ಕಳಿಸುವುದು ಇವೆಲ್ಲದರ ಹಿಂದೆ ಇದ್ದದ್ದು ಈ ನಾಲ್ಕು ಗುಣಾಕಾರ. ಆ ಮಿತಿಯನ್ನು ಆಮೇಲೆ 2,500ಕ್ಕೆ, ಮತ್ತೂ ಮೇಲಕ್ಕೆ ಏರಿಸಿದರು. ಇಡೀ ನಗರದಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಮನೆಗಳು ಈ ದಾರಿಯಲ್ಲಿ ಕೈತಪ್ಪಿದ ಮೇಲೆ, 2019ರಲ್ಲಿ ಎರಡೂ ತಿದ್ದುಪಡಿಗಳು ರದ್ದಾದವು.

ಇನ್ನೂ ಸುಮಾರು 10 ಲಕ್ಷ ಮನೆಗಳು ನಗರದಲ್ಲಿ ಕಾಯ್ದೆಯ ಒಳಗಿವೆ. ಒಂಬತ್ತು ಜನರ ಮಂಡಳಿಯೊಂದು ಪ್ರತಿವರ್ಷ ಏರಿಕೆಯ ಮಿತಿ ಗೊತ್ತುಮಾಡುತ್ತದೆ. 2025ರ ಅಕ್ಟೋಬರಿನಿಂದ ಶುರುವಾದ ಒಂದು ವರ್ಷದ ಕರಾರಿಗೆ ಅದು ನೂರಕ್ಕೆ 3 ಇತ್ತು, ಎರಡು ವರ್ಷದ್ದಕ್ಕೆ ನಾಲ್ಕೂವರೆ. ವಿಲೇಜಿನಲ್ಲಿ ಇವತ್ತು ವಯಸ್ಸಾದ ನಟ, ಅಚ್ಚು ತಿದ್ದುವವರು, ಪಿಯಾನೋ ಮೇಷ್ಟರು ಇದ್ದಾರೆಂದರೆ ಬಹುಪಾಲು ಇಂಥ ಮನೆಗಳಲ್ಲೇ. ಹೊಸಬರು ಒಳಗೆ ಬರುವುದು ಕಷ್ಟ. 2023ರ ನಗರ ಸಮೀಕ್ಷೆಯಲ್ಲಿ ಖಾಲಿಯಿದ್ದ ಬಾಡಿಗೆ ಮನೆ ನೂರಕ್ಕೆ 1.41. ತಿಂಗಳಿಗೆ 1,100 ಡಾಲರಿಗಿಂತ ಕಡಿಮೆ ಬಾಡಿಗೆಯವನ್ನಷ್ಟೇ ತೆಗೆದುಕೊಂಡರೆ 0.39. ಅಂದರೆ ಅಂಥ ಸಾವಿರ ಮನೆಗಳಲ್ಲಿ ಖಾಲಿಯಿದ್ದದ್ದು ನಾಲ್ಕು.

ಮುಕ್ತ ಮಾರುಕಟ್ಟೆಯ ಮನೆ ಕೇಳಿಕೊಂಡು ಹೋದವರಿಗೆ ಎದುರಾಗುವ ಮೊದಲ ಪ್ರಶ್ನೆ ಆದಾಯದ್ದು. ತಿಂಗಳ ಬಾಡಿಗೆಯ 40 ಪಟ್ಟು ವಾರ್ಷಿಕ ವರಮಾನ ಇರಬೇಕೆಂಬುದು ಅಲ್ಲಿನ ವಾಡಿಕೆ. 4,600ಕ್ಕೆ ಲೆಕ್ಕ ಹಾಕಿದರೆ 1 ಲಕ್ಷ 84 ಸಾವಿರ ಡಾಲರ್. ದಲ್ಲಾಳಿಗೆ ವರ್ಷದ ಬಾಡಿಗೆಯಲ್ಲಿ ನೂರಕ್ಕೆ 15ರವರೆಗೂ ಬಾಡಿಗೆದಾರನೇ ತೆರಬೇಕಿತ್ತು, ಅದೂ 8,280. ಯಾರು ದಲ್ಲಾಳಿಯನ್ನು ಗೊತ್ತುಮಾಡಿದರೋ ಅವರೇ ಹಣ ಕೊಡಬೇಕೆಂಬ ಕಾಯ್ದೆ 2025ರ ಜೂನಿನಲ್ಲಿ ಜಾರಿಗೆ ಬಂದದ್ದು ದೊಡ್ಡ ನೆಮ್ಮದಿ. ಅಡ್ವಾನ್ಸ್ ಮಾತ್ರ 2019ರಿಂದ ಒಂದೇ ತಿಂಗಳ ಬಾಡಿಗೆಗೆ ಮಿತಿ. ಹತ್ತು ತಿಂಗಳ ಅಡ್ವಾನ್ಸ್ ಕಂಡ ಬೆಂಗಳೂರಿನ ಬಾಡಿಗೆದಾರರು ಈ ಒಂದು ನಿಯಮವನ್ನು ಗಮನಿಸಬೇಕು.

ಕಲಾವಿದರು ಇವತ್ತಿಗೂ ಗುಂಪಾಗಿ ಉಳಿದಿರುವ ಜಾಗ ವಿಲೇಜಿನ ಪಶ್ಚಿಮದ ಅಂಚಿನಲ್ಲಿದೆ. 1898ರಿಂದ 1966ರವರೆಗೆ ಬೆಲ್ ಕಂಪನಿಯ ಪ್ರಯೋಗಾಲಯವಿದ್ದ ಕಟ್ಟಡಗಳ ಗುಚ್ಛ ಅದು. ಖಾಲಿ ಬಿದ್ದ ಆ ಕಟ್ಟಡಗಳನ್ನು ಸರ್ಕಾರದ ಕಲಾ ನಿಧಿ ಮತ್ತು ಒಂದು ಖಾಸಗಿ ದತ್ತಿ ಸಂಸ್ಥೆ ಕೂಡಿ, ರಿಚರ್ಡ್ ಮೇಯರ್ ಎಂಬ ಯುವ ವಾಸ್ತುಶಿಲ್ಪಿಯ ಕೈಯಲ್ಲಿ ಮಾರ್ಪಡಿಸಿ, 1970ರಲ್ಲಿ ವೆಸ್ಟ್‌ಬೆತ್ ಎಂಬ ಹೆಸರಿನಲ್ಲಿ ತೆರೆದವು. 384 ಮನೆಗಳು, ಕಲೆಯನ್ನೇ ವೃತ್ತಿ ಮಾಡಿಕೊಂಡ ಕಡಿಮೆ ವರಮಾನದವರಿಗೆ ಮಾತ್ರ. ನೃತ್ಯ ಸಂಯೋಜಕ ಮರ್ಸ್ ಕನ್ನಿಂಗ್‌ಹ್ಯಾಮ್ ಅವರ ಸ್ಟುಡಿಯೊ ನಾಲ್ಕು ದಶಕ ಅಲ್ಲೇ ಇತ್ತು. ಒಡೆತನ ಲಾಭದ ಉದ್ದೇಶವಿಲ್ಲದ ಸಂಸ್ಥೆಯದು, ಹಾಗಾಗಿ ನೆರೆಯ ಬೀದಿಯ ಬೆಲೆ ಏರಿದ್ದು ಇಲ್ಲಿನ ಬಾಡಿಗೆಗೆ ತಟ್ಟಲಿಲ್ಲ. ತಟ್ಟದಿದ್ದರಿಂದ ಯಾರೂ ಬಿಟ್ಟುಹೋಗಲಿಲ್ಲ. ಬಿಟ್ಟುಹೋಗದಿದ್ದರಿಂದ ಸರದಿ ಹತ್ತು ವರ್ಷಕ್ಕೂ ಮೀರಿ ಬೆಳೆದು, 2007ರಲ್ಲಿ ಅರ್ಜಿ ತೆಗೆದುಕೊಳ್ಳುವುದನ್ನೇ ನಿಲ್ಲಿಸಬೇಕಾಯಿತು. ಮೂವತ್ತರಲ್ಲಿ ಬಂದವರು ಅಲ್ಲೇ ಎಂಬತ್ತು ದಾಟಿದ್ದಾರೆ.

ಜೇಕಬ್ಸ್ ಬಳಗದವರು ಕೆಡವದೆ ಕಟ್ಟಬೇಕೆಂದು ಹಟ ಹಿಡಿದು ಪಡೆದ ವೆಸ್ಟ್ ವಿಲೇಜ್ ಹೌಸಸ್ ಇನ್ನೊಂದು ಪ್ರಯೋಗ. ಲಿಫ್ಟಿಲ್ಲದ ಐದು ಮಹಡಿಯ 42 ಕಟ್ಟಡ, 420 ಮನೆ. 1970ರ ದಶಕದ ನಡುವಿನಲ್ಲಿ ಮುಗಿದದ್ದು ಮಧ್ಯಮ ವರಮಾನದವರ ಸರ್ಕಾರಿ ಯೋಜನೆಯಡಿ. ಆ ಯೋಜನೆಯ ಅವಧಿ ತೀರಿದ ಮೇಲೆ 2006ರಲ್ಲಿ ನಿವಾಸಿಗಳೇ ಸಹಕಾರಿ ಪದ್ಧತಿಯಲ್ಲಿ ಒಡೆಯರಾದರು. ಇದ್ದವರಿಗೆ ಒಳ್ಳೆಯದೇ ಆಯಿತು. ಮುಂದೆ ಬರುವವರಿಗೆ ಬಾಗಿಲು ಕಿರಿದಾಯಿತು. ವೆಸ್ಟ್‌ಬೆತ್ ಮತ್ತು ಇದು ಎರಡೂ ಸೇರಿದರೆ 804 ಮನೆ. ಅಷ್ಟನ್ನು ಬೇಕೆಂದೇ ಕಟ್ಟಲಾಗಿತ್ತು, ತಾನಾಗಿ ಆದದ್ದಲ್ಲ.

ಮತ್ತೊಮ್ಮೆ ಕಟ್ಟುವ ಅವಕಾಶ 2010ರಲ್ಲಿ ಬಂದಿತ್ತು. 1849ರಲ್ಲಿ ಶುರುವಾಗಿ ವಿಲೇಜಿನ ಜನರನ್ನು ನೋಡಿಕೊಂಡ ಸೇಂಟ್ ವಿನ್ಸೆಂಟ್ ಆಸ್ಪತ್ರೆ, 1980ರ ದಶಕದಲ್ಲಿ ಏಡ್ಸ್ ರೋಗಿಗಳಿಗೆ ವಾರ್ಡು ತೆರೆದ ಆಸ್ಪತ್ರೆ, ಕವಿ ಮಿಲೇಯ ನಡುಹೆಸರಿಗೆ ಮೂಲವಾದ ಆಸ್ಪತ್ರೆ, ಸಾಲದ ಹೊರೆಯಲ್ಲಿ ಆ ವರ್ಷ ಏಪ್ರಿಲ್ 30ರಂದು ಮುಚ್ಚಿತು. ಬಡಾವಣೆಗೆ ಹಿಂದಿರುಗಿದ್ದು ಒಂದು ತುರ್ತು ಚಿಕಿತ್ಸಾ ಕೇಂದ್ರ ಮಾತ್ರ, ಅದೂ ನಾಲ್ಕು ವರ್ಷದ ಮೇಲೆ. ಆಸ್ಪತ್ರೆಯ ಹಳೆಯ ಜಾಗದಲ್ಲಿ ಸುಮಾರು 200 ಮನೆಗಳು ಎದ್ದವು. ಅವುಗಳಲ್ಲಿ ನೂರನ್ನು ವೆಸ್ಟ್‌ಬೆತ್ ಮಾದರಿಯಲ್ಲಿ, ಬಾಡಿಗೆ ಮಾರುಕಟ್ಟೆಗೆ ಸಿಕ್ಕದಂತೆ, ಲಾಭರಹಿತ ಒಡೆತನದಲ್ಲಿ ಇಟ್ಟಿದ್ದರೂ ಸರದಿಯಲ್ಲಿ ನಿಂತ ನೂರು ಕಲಾವಿದರು, ದಾದಿಯರು, ಶಾಲೆಯ ಮೇಷ್ಟರುಗಳು ಇವತ್ತು ಅಲ್ಲಿ ಇರುತ್ತಿದ್ದರು. ಎದ್ದದ್ದು ಅಷ್ಟೂ ಐಷಾರಾಮಿ ಮನೆಗಳು.